ಮುಳ್ಳನ್ನು ಹಿಂದಕ್ಕೆ ತಿರುಗಿಸದ ಪ್ಯೋ ಉನ್ಸಿಲ್

ಪ್ಯೋ ಉನ್ಸಿಲ್ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ನಮ್ಮ ಕಚೇರಿಯ ಗೋಡೆಯ ಮೇಲಿನ ಹಳೆಯ ಗಡಿಯಾರ ಐದು ನಿಮಿಷ ಮುಂದೆ ಓಡಿತೆನ್ನಿ. ಬೇರೆ ಯಾರಾದರೂ ಆಗಿದ್ದರೆ ಕುರ್ಚಿ ಹತ್ತಿ, ಬೆನ್ನ ಹಿಂದಿನ ತಿರುಪು ಹಿಡಿದು, ಮುಳ್ಳನ್ನು ಹಿಂದಕ್ಕೆ ತಳ್ಳಿ ಇಳಿದುಬಿಡುತ್ತಿದ್ದರು. ಉನ್ಸಿಲ್ ಅಕ್ಕ ಅದನ್ನು ಗೋಡೆಯಿಂದ ಇಳಿಸಿ, ಸೆಲ್ಲು ಕಿತ್ತು, ಮಡಿಲಲ್ಲಿ ಮಲಗಿಸಿಕೊಂಡು, ಬಾರ್ಲಿ ಚಹಾ ಹೀರುತ್ತ ಐದು ನಿಮಿಷ ಸುಮ್ಮನೆ ಕೂತುಬಿಡುತ್ತಿದ್ದರು. ಲೋಕದ ಕಾಲ ತನ್ನ ಪಾಡಿಗೆ ನಡೆದು ಬಂದು ಅದನ್ನು ಕೂಡಿಕೊಂಡ ಮೇಲೆ ಸೆಲ್ಲು ಹಾಕಿ ಮತ್ತೆ ನೇತುಹಾಕುತ್ತಿದ್ದರು. ಇದೇನಕ್ಕಾ ಇದು ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದರು: "ಮುಂದೆ ಹೋದೋರನ್ನ ಕತ್ತು ಹಿಡಿದು ಹಿಂದಕ್ಕೆ ಎಳೀಬಾರದಮ್ಮ. ನಿಂತ್ಕೋ ಅಂದ್ರೆ ಸಾಕು, ಹಿಂದಿರೋರು ಬಂದು ಸೇರ್ಕೋತಾರೆ."

ಕುಳ್ಳನೆಯ ಮೈಕಟ್ಟು, ಗಿಡ್ಡಗೆ ಕತ್ತರಿಸಿ ಗುಂಗುರು ಮಾಡಿಸಿದ ಕೂದಲು. ನಡೆಯುವಾಗ ಎಡಭುಜ ಮುಂದೆ, ಬಲಭುಜ ಹಿಂದೆ. ಕಂಪ್ಯೂಟರು ಯಂತ್ರಗಳ ಎತ್ತರದ ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ ಇಪ್ಪತ್ತಾರು ವರ್ಷ ಓರೆಯಾಗಿ ನುಸುಳಿ ನುಸುಳಿ ಅಭ್ಯಾಸವಾಗಿ, ನಮ್ಮೂರಾದ ಚುನ್‌ಚೊನ್‌ನ ವಿಶಾಲ ಸರೋವರದ ದಂಡೆಯ ಮೇಲೂ, ಎದುರಿಗೆ ಒಂದು ನರಪಿಳ್ಳೆ ಇಲ್ಲದಾಗಲೂ, ಅವರು ಹಾಗೆಯೇ ಓರೆಯಾಗಿ ನಡೆಯುತ್ತಿದ್ದರು. ಯಂತ್ರಗಳ ಕೋಣೆ ಸದಾ ಥಂಡಿ. ಅಲ್ಲಿಗೆಂದು ಅವರು ತೊಡುತ್ತಿದ್ದದ್ದು ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ ಹೆಂಗಸರು ಹಾಕಿಕೊಳ್ಳುವ, ನೇರಳೆ ಬಣ್ಣದ ಮೇಲೆ ದೊಡ್ಡ ದೊಡ್ಡ ಹೂವಿನ, ತೋಳಿಲ್ಲದ ದಪ್ಪ ಅಂಗಿ. ಕಂಪನಿಗಳಿಂದ ಟೈ ಕಟ್ಟಿಕೊಂಡು ಬಂದ ಎಂಜಿನಿಯರುಗಳು ಆ ಹೂವಿನಂಗಿಯನ್ನು ಕಂಡು, ಕಸ ಗುಡಿಸುವ ಚಿಕ್ಕಮ್ಮನಿರಬೇಕೆಂದುಕೊಂಡು, ಯಂತ್ರಗಳನ್ನು ನೋಡಿಕೊಳ್ಳುವವರು ಎಲ್ಲಿ ಎಂದು ವಿಚಾರಿಸುವುದಿತ್ತು. ಅಕ್ಕ ಅವರನ್ನು ತಿದ್ದುತ್ತಿರಲಿಲ್ಲ. ಕೂರಿಸಿ, ಚಹಾ ಕೊಟ್ಟು, ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತಿದ್ದರು. ಮೂರನೆಯ ಪ್ರಶ್ನೆಯ ಹೊತ್ತಿಗೆ ಬಂದವರು ತಾವಾಗಿಯೇ ನೆಟ್ಟಗೆ ಕೂರುತ್ತಿದ್ದರು.

ಅವರ ಕಸುಬು ವಿಚಿತ್ರದ್ದು. ನಮ್ಮ ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ಒಂದೊಂದು ದೊಡ್ಡ ಯಂತ್ರದೊಳಗೂ ಮೂವತ್ತು ನಲವತ್ತು ವರ್ಚುವಲ್ ಯಂತ್ರಗಳು ಸಂಸಾರ ಹೂಡಿರುತ್ತವೆ. ಪ್ರತಿಯೊಂದೂ ತಾನೇ ಒಂದು ಪೂರ್ಣ ಯಂತ್ರವೆಂದು ನಂಬಿಕೊಂಡಿರುತ್ತದೆ. ಕಸುಬಿನವರು ಇವನ್ನು ಅತಿಥಿಗಳೆಂದೇ ಕರೆಯುತ್ತಾರೆ. ಇರುವ ಮನೆಗೆ ಕಾಯಿಲೆಯಾದರೆ, ಅತಿಥಿ ಮಾಡುತ್ತಿರುವ ಕೆಲಸ ನಿಲ್ಲದ ಹಾಗೆ ಅದನ್ನು ಎತ್ತಿ ಇನ್ನೊಂದು ಮನೆಯಲ್ಲಿ ಇಳಿಸಬೇಕು. ಅಜ್ಜಿಯ ಮನೆಯ ಬೆಚ್ಚನೆಯ ನೆಲದ ಮೇಲೆ ನಿದ್ದೆಹೋದ ಮಗುವನ್ನು ಎತ್ತಿಕೊಂಡು ಬಂದು ತನ್ನ ಮನೆಯಲ್ಲಿ ಮಲಗಿಸಿದ ಹಾಗೆ ಎಂದು ಅಕ್ಕ ವಿವರಿಸುತ್ತಿದ್ದರು. ಎತ್ತುವ ಗಳಿಗೆಯಲ್ಲಿ ಅದರ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಕಣ್ಣು ಬಿಟ್ಟಾಗ ಎಷ್ಟು ಹೊತ್ತಾಯಿತೆಂದು ಅದಕ್ಕೆ ಗೊತ್ತಿರುವುದಿಲ್ಲ, ಹೊಸ ಮನೆಯ ಗೋಡೆಯ ಮೇಲೆ ಎಷ್ಟು ಗಂಟೆ ಕಂಡಿತೋ ಅದನ್ನೇ ನಂಬಿಬಿಡುತ್ತದೆ. ಹಾಗೆ ಎತ್ತಿ ಇಳಿಸುವಾಗ ಅತಿಥಿಯ ಕಾಲಪ್ರಜ್ಞೆ ಕೆಡದಂತೆ ಕಾಯುವುದು ಅಕ್ಕನ ಕೆಲಸ. ಸೆಕೆಂಡಿನ ಸಾವಿರದ ಪಾಲುಗಳನ್ನು ಕಾಯುತ್ತಿದ್ದ ಈ ಹೆಂಗಸು ತಾವು ಮಾತ್ರ ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ಎಷ್ಟು ಗಂಟೆ ಎಂದರೆ ಕಿಟಕಿಯ ಕಡೆ ನೋಡಿ, ಮೂರಿರಬಹುದು, ಮೂರೂಕಾಲೂ ಇರಬಹುದು ಎನ್ನುತ್ತಿದ್ದರು.

ಒಂದೆರಡು ಸೆಕೆಂಡಿನಲ್ಲಿ ಏನು ಮಹಾ ಎನ್ನುವವರು ಫೆಬ್ರವರಿಯಲ್ಲಿ ಪಾಠಗಳ ನೋಂದಣಿಯ ಬೆಳಿಗ್ಗೆ, ಗಂಟೆ ಲೆಕ್ಕದಲ್ಲಿ ಕಂಪ್ಯೂಟರು ಬಾಡಿಗೆಗೆ ಕೊಡುವ ಯಾವುದಾದರೂ ಪೀಸಿಬಾಂಗ್‌ಗೆ ಹೋಗಿ ನೋಡಬೇಕು. ಅಲ್ಲಿ ಮಕ್ಕಳು ಉಸಿರು ಬಿಗಿಹಿಡಿದು, ಪರದೆಯ ಮೂಲೆಯಲ್ಲಿ ವಿಶ್ವವಿದ್ಯಾಲಯದ ಯಂತ್ರದ ಗಡಿಯಾರವನ್ನೇ ದಿಟ್ಟಿಸುತ್ತ ಕೂತಿರುತ್ತಾರೆ. ಒಂಬತ್ತೂ ಐವತ್ತರಿಂದ ಸರದಿ ಶುರು. ಬಂದವರಿಗೆಲ್ಲ ಬಂದ ಗಳಿಗೆಯ ಮುದ್ರೆ ಬೀಳುತ್ತದೆ. ಹತ್ತಕ್ಕೆ ಬಾಗಿಲು ತೆರೆಯಿತೆಂದರೆ ಮುದ್ರೆಯ ಕ್ರಮದಲ್ಲಿ ಒಳಗೆ ಬಿಡುತ್ತಾರೆ, ಒಳ್ಳೆಯ ಪಾಠಗಳು ನಾಲ್ಕೈದು ಸೆಕೆಂಡಿನಲ್ಲಿ ತುಂಬಿಹೋಗುತ್ತವೆ.

ಈ ಯಂತ್ರಗಳು ಬಂದ ಮೊದಲ ವರ್ಷ, ನೋಂದಣಿಯ ಸರದಿ ನಡೆಯುತ್ತಿರುವಾಗಲೇ, ಮುಂದೆ ಓಡಿದ ಒಂದು ಅತಿಥಿಯ ಗಡಿಯಾರವನ್ನು ಅಕ್ಕ ತಾವೇ ನಾಲ್ಕು ಸೆಕೆಂಡು ಹಿಂದಕ್ಕೆ ಹಾಕಿದ್ದರಂತೆ. ಆ ನಾಲ್ಕು ಸೆಕೆಂಡು ಎರಡು ಸಲ ಬಂದು ಹೋಯಿತು. ಎರಡನೆಯ ಸಲ ಬಂದವರು ಮೊದಲ ಸಲದವರಿಗಿಂತ ಮುಂದೆ ನಿಂತರು. ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿಗೆ ಆಸ್ಪತ್ರೆಯ ತರಬೇತಿಯ ಕಡೆಯ ಜಾಗ ತಪ್ಪಿ, ಆರು ತಿಂಗಳು ಕಾಯಬೇಕಾಯಿತು. ಅವಳು ಪರದೆಯ ಚಿತ್ರ ಹಿಡಿದುಕೊಂಡು ಬಂದಿದ್ದಳು; ಅಕ್ಕ ಪ್ರಾಧ್ಯಾಪಕರ ಬಾಗಿಲು ಬಾಗಿಲು ಅಲೆದರೂ ಏನೂ ಆಗಲಿಲ್ಲ. ಹುಡುಗಿ ತಲೆಬಾಗಿ ನಮಸ್ಕರಿಸಿ, ತೊಂದರೆ ಕೊಟ್ಟೆ ಎಂದು ಹೇಳಿ ಹೋದಳು. "ಜಗಳ ಆಡಿ ಹೋಗಿದ್ರೆ ಇಷ್ಟು ಹೊತ್ತಿಗೆ ಮರ್ತಿರ್ತಿದ್ದೆ" ಎಂದಿದ್ದರು ಅಕ್ಕ.

ನಾನು ಕೂರುವುದು ಪಕ್ಕದ ನೋಂದಣಿ ವಿಭಾಗದಲ್ಲಿ. ಮಕ್ಕಳ ದೂರುಗಳನ್ನೆಲ್ಲ ತೆಗೆದುಕೊಳ್ಳುವವಳು ನಾನೇ. ಹೋದ ವರ್ಷ ನೋಂದಣಿಯ ದಿನ ಒಂಬತ್ತೂ ನಲವತ್ತಕ್ಕೆ, ನೋಂದಣಿ ನಡೆಸುವ ಅತಿಥಿ ಇದ್ದ ಮನೆಯ ಯಂತ್ರ ಬಿಸಿಯೇರಿ ಕೂಗಿಕೊಳ್ಳತೊಡಗಿತು. ಏನಾಯಿತೋ ಎಂದು ನಾನು ಅಕ್ಕನ ಬಾಗಿಲಲ್ಲಿ ಹೋಗಿ ನಿಂತೆ. ಹಿಂದಿನ ದಿನವಷ್ಟೇ ದುರಸ್ತಿಯಾಗಿ ಬಂದಿದ್ದ ಇನ್ನೊಂದು ಯಂತ್ರಕ್ಕೆ ಅಕ್ಕ ಅತಿಥಿಯನ್ನು ಸಾಗಿಸಿದರು. ಒಂಬತ್ತೂ ಐವತ್ತಕ್ಕೆ ಸರದಿ ಶುರುವಾಯಿತು, ಒಬ್ಬ ವಿದ್ಯಾರ್ಥಿಗೂ ಏನೂ ತಿಳಿಯಲಿಲ್ಲ. ಐವತ್ತೈದು ದಾಟಿದ ಮೇಲೆ ಅಕ್ಕನ ಮುಖ ಬದಲಾಯಿತು. ಅತಿಥಿಯ ಗಡಿಯಾರ ಒಂಬತ್ತು ಸೆಕೆಂಡು ಮುಂದಿತ್ತು. ಹೊಸ ಮನೆಯ ಗೋಡೆಯ ಗಡಿಯಾರವೇ ತಪ್ಪಿತ್ತು, ಅತಿಥಿ ಅದನ್ನೇ ನಂಬಿತ್ತು. ಆ ಗಡಿಯಾರವನ್ನು ಊಟ ಮುಗಿಸಿ ಬಂದು ಪರೀಕ್ಷಿಸೋಣವೆಂದು ಹಿಂದಿನ ದಿನ ಹಾಗೇ ಬಿಟ್ಟು, ಮರೆತವರು ಅಕ್ಕನೇ.

ಕೇಂದ್ರದ ಮುಖ್ಯಸ್ಥ ತಾಕ್ ಜುನ್‌ಸೊಪ್ ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹುದ್ದೆಯಲ್ಲಿ ಮೇಲಿದ್ದರೂ, ಮೊದಲೇ ಕೆಲಸಕ್ಕೆ ಸೇರಿದ ಹಿರಿಯರನ್ನು ಕರೆಯುವಂತೆ ಅವರನ್ನು ಸೊನ್‌ಬೆನಿಮ್ ಎಂದೇ ಕರೆಯುತ್ತಿದ್ದ. ಅವನು ಕೀಲಿಮಣೆಯ ಮೇಲೆ ಆಗಲೇ ಕೈಯಿಟ್ಟಿದ್ದ.

"ಸೊನ್‌ಬೆನಿಮ್, ಒಂದು ಸಾಲಿನ ಕೆಲಸ. ಒಂಬತ್ತು ಸೆಕೆಂಡು ಹಿಂದಕ್ಕೆ ಹಾಕ್ಬಿಡ್ತೀನಿ."

"ಹಾಕಿದ್ರೆ ಈಗ ಬರೋರ ಮುದ್ರೆ ಆಗ್ಲೇ ಬಂದೋರಿಗಿಂತ ಹಳೇದಾಗುತ್ತೆ."

"ಎಷ್ಟು ಜನಕ್ಕೆ ಅಬ್ಬಬ್ಬಾ ಅಂದ್ರೆ? ಮೂವತ್ತು ಜನ. ಹಾಗೇ ಬಿಟ್ರೆ ಬಾಗಿಲು ಮುಂಚೇನೇ ತೆಗೆದು, ಕೈಗಡಿಯಾರ ನೋಡ್ಕೊಂಡು ಕೂತಿರೋರೆಲ್ಲ ಹೊರಗೇ ಉಳೀತಾರೆ."

"ಹಾಗೇ ಬಿಡು ಅಂತ ಯಾರಂದ್ರು ತಾಕ್ ಸಾಹೇಬ್ರೆ? ಆ ಮೂವತ್ತು ಜನ ಯಾರ್ಯಾರು ಅಂತ ಹೆಸರು ಹೇಳಿ, ಆಮೇಲೆ ಒತ್ತಿ."

ಅವನು ಒತ್ತಲಿಲ್ಲ. ಅಕ್ಕ ಮೊದಲು ಅತಿಥಿಗೆ ಮನೆಯ ಗೋಡೆಯ ಕಡೆ ನೋಡುವುದನ್ನೇ ಬಿಡಿಸಿ, ವಿಶ್ವವಿದ್ಯಾಲಯದ ನಂಬುಗೆಯ ಕಾಲಮೂಲವನ್ನು ತೋರಿಸಿಕೊಟ್ಟರು. ಆಮೇಲೆ ಅದರ ಗಡಿಯಾರದ ನಡಿಗೆಯನ್ನು ನಿಧಾನಿಸಿದರು. ಪ್ರತಿ ಸೆಕೆಂಡಿಗೂ ಹನ್ನೆರಡರಲ್ಲಿ ಒಂದು ಪಾಲಿನಷ್ಟು ಹಿಂದುಳಿಯುತ್ತ, ನೂರಾ ಎಂಟು ಸೆಕೆಂಡಿನಲ್ಲಿ ಆ ಒಂಬತ್ತೂ ಕರಗಬೇಕು. ಯಾವ ಗಳಿಗೆಯೂ ಎರಡು ಸಲ ಬರಕೂಡದು, ಯಾರ ಮುದ್ರೆಯೂ ಇನ್ನೊಬ್ಬರದನ್ನು ದಾಟಕೂಡದು. ಇಷ್ಟಾಗುವಾಗ ಒಂಬತ್ತೂ ಐವತ್ತೇಳೂವರೆ. ಹತ್ತರೊಳಗೆ ಮುಗಿಯದಿದ್ದರೆ ಏನು ಮಾಡೋದು ಎಂದು ತಾಕ್ ಮೆಲ್ಲಗೆ ಕೇಳಿದ. ತಪ್ಪು ನನ್ನದು, ವರದಿಯಲ್ಲಿ ನನ್ನ ಹೆಸರೇ ಬರೀರಿ ಎಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ನಾನು ಪರದೆಯ ಮೇಲಿನ ಅಂತರದ ಅಂಕಿಯನ್ನೇ ಎಣಿಸುತ್ತ ನಿಂತೆ. ಒಂಬತ್ತು ಎಂಟಾಯಿತು, ಎಂಟು ಏಳಾಯಿತು. ಬಿಸಿಲಿಗಿಟ್ಟ ಹಿಮಗಡ್ಡೆಯ ಹಾಗೆ ಅಂತರ ಸವೆಯುತ್ತಿತ್ತು. ಅಕ್ಕನ ಎರಡೂ ಕೈಗಳು ತೊಡೆಯ ಮೇಲಿದ್ದವು, ಮಾಡುವುದೇನೂ ಉಳಿದಿರಲಿಲ್ಲ. ಹತ್ತಕ್ಕೆ ಇನ್ನೂ ಮುಕ್ಕಾಲು ನಿಮಿಷದಷ್ಟಿರುವಾಗ ಸೊನ್ನೆ ಬಂತು. ತಾಕ್ ಹಣೆಯನ್ನು ಮೇಜಿಗೆ ಒತ್ತಿಕೊಂಡು ಕೂತುಬಿಟ್ಟ. ಸರಿಯಾಗಿ ಹತ್ತಕ್ಕೆ ನೋಂದಣಿಯ ಬಾಗಿಲು ತೆರೆಯಿತು.

ಹನ್ನೊಂದಕ್ಕೆ ಅಕ್ಕ ಓರೆಯಾಗಿ ನಡೆಯುತ್ತ ನನ್ನ ಮೇಜಿನ ಹತ್ತಿರ ಬಂದು, ದೂರುಗಳನ್ನೆಲ್ಲ ತೋರಿಸು ಎಂದರು. ಒಂದೊಂದನ್ನೂ ಕನ್ನಡಕ ಹಣೆಗೇರಿಸಿ ಓದಿದರು. ತತ್ವಶಾಸ್ತ್ರದ ಪಾಠಕ್ಕೆ ಇಷ್ಟು ಕಡಿಮೆ ಜಾಗ ಯಾಕೆ ಎಂದೊಬ್ಬ; ರೂಮಿನವನು ಸರಿಯಾಗಿ ಹತ್ತಕ್ಕೆ ಸೀನಿದ್ದರಿಂದ ಕೈ ತಪ್ಪಿತೆಂದು ಇನ್ನೊಬ್ಬ; ಗುಂಡಿಯ ಬಣ್ಣ ಕೊಳೆತ ಮೂಲಂಗಿಯ ಹಾಗಿದೆ ಎಂದು ಮತ್ತೊಬ್ಬಳು. ಸರದಿ ತಪ್ಪಿತೆಂದವರು ಒಬ್ಬರೂ ಇಲ್ಲ. ಕಡೆಯ ಕಾಗದ ಓದುವಾಗ ನಗುವಿಗೆ ಅಕ್ಕನ ಭುಜ ಕುಲುಕತೊಡಗಿತು. 'ಹತ್ತಕ್ಕೆ ಮುಂಚಿನ ಸೆಕೆಂಡುಗಳು ಇವತ್ತು ಸಹಿಸಲಾರದಷ್ಟು ಉದ್ದ ಇದ್ದವು' ಎಂದು ಯಾರೋ ಬರೆದಿದ್ದರು. ಅಯ್ಯೋ, ಹೀಗೆ ಬರೆಯೋರು ಪ್ರತಿ ವರ್ಷವೂ ಇರ್ತಾರಕ್ಕ ಎಂದೆ ನಾನು.

"ಈ ಸಲ ನಿಜವಾಗ್ಲೂ ಉದ್ದ ಇದ್ವು ಕಣೆ" ಎಂದರು ಅಕ್ಕ. ಆಮೇಲೆ ತಾಕ್‌ನನ್ನು ಕರೆದುಕೊಂಡು, ತಣ್ಣನೆಯ ಮಕ್ಗುಕ್ಸು ನೂಡಲ್ಸ್ ತಿನ್ನಲು ಹೊರಟರು. ವರದಿಯಲ್ಲಿ ತಪ್ಪು ಅವರ ಹೆಸರಿನಲ್ಲೇ ದಾಖಲಾಯಿತು. ಅದನ್ನು ಅವರೇ ಬರೆದು, ಅವನ ಸಹಿಗೆ ಇಟ್ಟಿದ್ದರು.

ಲೋಕದಲ್ಲಿ ಇಂಥವರದೊಂದು ಕುಲವಿದೆ. ಅವರಿಂದಲೂ ತಪ್ಪಾಗುತ್ತದೆ, ನಮ್ಮಷ್ಟೇ ಆಗುತ್ತದೆ. ಆದರೆ ನಾವು ನಮ್ಮ ತಪ್ಪನ್ನು ಒಂದೇ ಏಟಿಗೆ ಅಳಿಸಿ ಕೈತೊಳೆದುಕೊಳ್ಳುವ ಅವಸರದಲ್ಲಿ, ಸರದಿಯಲ್ಲಿ ತಣ್ಣಗೆ ನಿಂತಿದ್ದ ಯಾರನ್ನೋ ಹಿಂದಕ್ಕೆ ನೂಕಿರುತ್ತೇವೆ. ಹೆಸರು ಗೊತ್ತಿಲ್ಲದ್ದರಿಂದ ನಿದ್ದೆಯೂ ಬರುತ್ತದೆ. ಇವರು ಅದೇ ತಪ್ಪನ್ನು ಎಷ್ಟೊಂದು ಉಸಿರುಗಳಿಗೆ ತೆಳ್ಳಗೆ ಹಂಚಿ ತೀರಿಸುತ್ತಾರೆಂದರೆ, ಯಾರ ಪಾಲಿಗೂ ಬರುವುದು ಕೊಂಚ ಉದ್ದನೆಯ ಒಂದು ಬೆಳಗು ಮಾತ್ರ. ನಾವು ಅದಕ್ಕೂ ಗೊಣಗುತ್ತೇವೆ. ಆ ಗೊಣಗಾಟವನ್ನು ಕೊನೆಯ ಸಾಲಿನವರೆಗೂ ಓದಿ, ತೃಪ್ತಿಯಿಂದ ನಕ್ಕು, ಅವರು ಊಟಕ್ಕೆ ಏಳುತ್ತಾರೆ.