ಬೂದು ಜಾಕೆಟ್ಟು, ನೇರಳೆ ತೆಪ್ಪ

ನಮ್ಮ ಬಡಾವಣೆಯ ಕೆರೆಯನ್ನು ಉಳಿಸಿದವನು ನಾನು. ಜೊತೆಗೆ ಇನ್ನೂ ಮೂವತ್ತು ಜನ ಇದ್ದರು, ಇಲ್ಲವೆನ್ನುವುದಿಲ್ಲ. ಹಾಡುವವನ ಹಿಂದೆ ತಾಳ ಹಾಕುವವರು ಇರುತ್ತಾರಲ್ಲ, ಹಾಗೆ. ನೀರಿನ ಮೇಲೆ ಕಳೆ ಎಷ್ಟು ದಟ್ಟವಾಗಿತ್ತೆಂದರೆ ಬಾತುಕೋಳಿಗಳು ಈಜುವುದನ್ನು ಮರೆತು ನಡೆದೇ ಆಚೆ ದಡ ಸೇರುತ್ತಿದ್ದವು. ನಾನು ಹಳೆಯ ಡ್ರಮ್ಮುಗಳ ಮೇಲೆ ಕಬ್ಬಿಣದ ಚೌಕಟ್ಟಿಗೆ ವೆಲ್ಡಿಂಗ್ ಹೊಡೆದು ತೆಪ್ಪ ಮಾಡಿಕೊಟ್ಟೆ. ಅಂಥ ತೆಪ್ಪ ಸಮುದ್ರ ದಾಟಿಸಿದರೂ ದಾಟುತ್ತದೆ. ಕೆರೆ ಚಿಕ್ಕದಾಗಿದ್ದು ಅದರ ಹಣೆಬರಹ.

ಹೀಗಿರುವಾಗ ನಮ್ಮ ಗುಂಪಿಗೆ ಮಾತ್ರೆ ಬಂದು ಸೇರಿದ. ಔಷಧಿ ಅಂಗಡಿಯವನು, ಅದಕ್ಕೇ ಆ ಹೆಸರು. ನಾನು ಬುಟ್ಟಿಗಟ್ಟಲೆ ಕಳೆ ಎಳೆದರೂ ಯಾರೂ ತಿರುಗಿ ನೋಡರು. ಅವನು ಒಂದು ಎಳೆ ಕಿತ್ತರೆ "ಪಾಪ, ಕೈ ನೋಯುತ್ತೇನೋ" ಎನ್ನುವವರು ಹತ್ತು ಜನ. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಇದನ್ನು ಕೇಳಿದ ದಿನ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯಿಂದ ಗ್ಯಾಸ್ ಇಲ್ಲದೆಯೇ ಎರಡು ಗೇಟು ವೆಲ್ಡಿಂಗ್ ಮಾಡಬಹುದಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. ನೇರಳೆ ಪಕ್ಷದ ವಕೀಲೆ, ಎದುರು ಪಕ್ಷದ ಇಟ್ಟಿಗೆ ಕಾರ್ಖಾನೆ ಯಜಮಾನ, ಇಬ್ಬರಿಗೂ ಇದ್ದಕ್ಕಿದ್ದಂತೆ ಕೆರೆಯ ಮೇಲೆ ಪ್ರೀತಿ ಉಕ್ಕಿತು. ಆಗ ಮಾತ್ರೆ ಎದ್ದು ನಿಂತು ನಿಯಮ ಹೇಳಿದ: "ಇಬ್ಬರನ್ನೂ ಕರೆಯೋಣ. ಒಂದೇ ತೆಪ್ಪ, ಅವೇ ಪ್ರಶ್ನೆ, ಅಷ್ಟೇ ಹೊತ್ತು. ಯಾರಿಂದಲೂ ಏನೂ ಪುಕ್ಕಟೆ ತಗೊಳ್ಳೋದು ಬೇಡ. ಮತ ಯಾರಿಗೆ ಬೇಕಾದ್ರೂ ಹಾಕಿ, ಪ್ರಚಾರಕ್ಕೂ ಹೋಗಿ. ಆದ್ರೆ ಒಂದು ಪಕ್ಷದ ನಂಟು ಅಂಟಿಕೊಂಡವರು ಮತದಾನ ಮುಗಿಯೋ ತನಕ ನಮ್ಮ ಜಾಕೆಟ್ ಬಿಚ್ಚಿಡಬೇಕು."

ನಮ್ಮ ಜಾಕೆಟ್ಟು ಬೂದು ಬಣ್ಣದ್ದು. ಹೊಲಿದವಳು ನನ್ನ ಹೆಂಡತಿ. ಜಗತ್ತಿನ ಯಾವ ಪಕ್ಷವೂ ಬೂದಿಯನ್ನು ಬಾವುಟ ಮಾಡಿಕೊಳ್ಳುವುದಿಲ್ಲ ಎಂಬ ಧೈರ್ಯದಿಂದ ಆರಿಸಿದ ಬಟ್ಟೆ ಅದು.

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸೊಳ್ಳೆ ಹೊಡೆದ ಹಾಗೆ. ಇನ್ನು ತೆಪ್ಪದ ಮೇಲೆ ನಿಂತು ಪ್ರಶ್ನೆ ಕೇಳುವವರು ಯಾರು? ನನ್ನ ಗಂಟಲು ಎಂಥದ್ದೆಂದರೆ ಈ ದಡದಲ್ಲಿ ಕೆಮ್ಮಿದರೆ ಆ ದಡದವರು ಕರವಸ್ತ್ರ ತೆಗೆಯುತ್ತಾರೆ. ಆದರೂ ನಮ್ಮ ಗುಂಪಿನಲ್ಲಿದ್ದ, ಅಂಚೆ ಹಂಚುವ ಅಕ್ಕ, "ಮಾತ್ರೆಯೇ ಕೇಳ್ಲಿ, ಅವನ ಮಾತು ಮೆತ್ತಗಿರುತ್ತೆ" ಅಂದುಬಿಟ್ಟಳು. "ನೋಡೋಣ, ಆವತ್ತೇ ತೀರ್ಮಾನ ಮಾಡೋಣ" ಎಂದು ನಾನು ಮುಂದಕ್ಕೆ ಹಾಕಿದೆ.

ಆವತ್ತಿನೊಳಗೆ ಜನ ನನ್ನನ್ನೇ ನೋಡುವಂತೆ ಏನಾದರೂ ಮಾಡಬೇಕಿತ್ತಲ್ಲ? ಆ ವಾರ ವಕೀಲೆಯವರ ಪ್ರಚಾರದ ವ್ಯಾನಿಗೆ ಮೈಕು ಕೂರಿಸುವ ಸ್ಟ್ಯಾಂಡು ಮಾಡಿಕೊಟ್ಟಿದ್ದೆ. ಅದು ಕೂಲಿ ಕೆಲಸ, ತಪ್ಪಿಲ್ಲ. ಕೊನೆಗೆ ಅವರ ಡ್ರೈವರ್, "ಬಣ್ಣ ಉಳಿದಿದೆ ಅಣ್ಣಾ, ಇಟ್ಕೊಳ್ಳಿ" ಎಂದು ಡಬ್ಬಿ ಬಿಟ್ಟು ಹೋದ. ಒಳ್ಳೆ ದಪ್ಪನೆಯ, ಮಿರಿಮಿರಿ ಮಿಂಚುವ ಬಣ್ಣ. ವೆಲ್ಡಿಂಗ್‌ನವನ ಕಣ್ಣಿಗೆ ಬಣ್ಣ ಎಂದರೆ ತುಕ್ಕಿಗೆ ಮದ್ದು ಎಂದಷ್ಟೇ ಗೊತ್ತು. ಬಣ್ಣಕ್ಕೆ ಪಕ್ಷವಿರುತ್ತದೆ ಎಂದು ಹೊಳೆಯಲೇ ಇಲ್ಲ. ಹೊಳೆದದ್ದು ಮಾತ್ರೆಯ ಪೆಚ್ಚು ಮುಖವೊಂದೇ. ಇಡೀ ತೆಪ್ಪಕ್ಕೆ ಬಳಿದೆ.

ಆವತ್ತು ಬೆಳಗ್ಗೆ ದಡದ ತುಂಬ ಜನ. ತೆಪ್ಪ ನೀರಿಗಿಳಿಯಿತು. ಸೂರ್ಯ ಅದನ್ನು ನೋಡಿ ನಾಚಿ ಮೋಡದ ಹಿಂದೆ ಹೋದ. ವಕೀಲೆ ಬಂದವರೇ ಕೈಜೋಡಿಸಿ ನಕ್ಕರು: "ಅಬ್ಬಾ, ಎಷ್ಟು ಚೆನ್ನಾಗಿದೆ ನಮ್ಮ ತೆಪ್ಪ!"

'ನಮ್ಮ' ಎಂಬ ಆ ಒಂದು ಮಾತಿಗೆ ದಡದವರ ಕಣ್ಣೆಲ್ಲ ತೆಪ್ಪದ ನೇರಳೆ ಬಣ್ಣದ ಮೇಲೆ ಬಿತ್ತು. ಇಟ್ಟಿಗೆ ಯಜಮಾನರು ಚಪ್ಪಲಿ ತಿರುಗಿಸಿದರು. "ಮದುವೆ ನಿಶ್ಚಯ ಆದ ಮೇಲೆ ಹೆಣ್ಣು ನೋಡೋಕೆ ಕರೆದ್ರಾ? ನಡೀರೋ ಹೋಗೋಣ."

ಅವರು ಹೋದರೆ ನಮ್ಮ ಗುಂಪು ನಾಳೆಯಿಂದ ನೇರಳೆಯವರ ಗುಂಪು. ನಾಡಿದ್ದು ಗೆದ್ದವರು ಯಾರೇ ಆಗಲಿ, ಕೆರೆಗೆ ಬೀಳುವ ಚರಂಡಿಯ ಬಗ್ಗೆ ನಾವು ಬಾಯಿಬಿಟ್ಟರೆ ಅರ್ಧ ಊರು ನಗುತ್ತದೆ. ಗಾಬರಿಯಲ್ಲಿ ದಡಕ್ಕೆ ಕಾಲು ಅಪ್ಪಳಿಸಿದೆ. ಕೆರೆ ನೀರಿನಲ್ಲಿ ಅಲೆ ಎದ್ದದ್ದು ಅದಕ್ಕೇ.

ಆಗ ಮಾತ್ರೆ ಮುಂದೆ ಬಂದ. "ಯಜಮಾನ್ರೇ, ನಿಲ್ಲಿ. ಬಣ್ಣ ನೋಡಬೇಕಾದವನು ನಾನು, ನೋಡಲಿಲ್ಲ. ತಪ್ಪು ನಂದು."

ಜನ ಅವನನ್ನು ನೋಡಿದ ನೋಟ ನಾನು ಕಂಡೆ. ಕರಗಿದ ಬೆಣ್ಣೆಯಂಥ ನೋಟ! ನನ್ನ ಹೆಂಡತಿಯಂತೂ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ತೆಪ್ಪ ನನ್ನದು, ಬಣ್ಣ ಬಳಿದ ಕೈ ನನ್ನದು, ಹೊಗಳಿಕೆ ಇವನಿಗೋ?

"ಏಯ್!" ಎಂದು ಕೂಗಿದೆ. "ನಿನ್ನದು ಹೇಗಯ್ಯಾ ಆಗುತ್ತೆ? ಪುಕ್ಕಟೆ ಬಣ್ಣ ತಗೊಂಡವನು ನಾನು, ಬಳಿದವನು ನಾನು! ಒಂದು ಹನಿ ತಪ್ಪೂ ನಿನಗೆ ಸೇರಲ್ಲ, ಪೂರ್ತಿ ನಂದು!"

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು. ಇನ್ನು ನಿಲ್ಲಿಸುವುದುಂಟೇ? ಕೆರೆಗೆ ಹಾರಿದೆ, ಕೆಸರು ಬಾಚಿದೆ, ನನ್ನ ತೆಪ್ಪಸುಂದರಿಯ ಮೈಗೆ ನಾನೇ ಮೆತ್ತಿದೆ. ಮೂವತ್ತು ಜನರೂ ಇಳಿದರು. ನೋಡನೋಡುತ್ತಿದ್ದಂತೆ ತೆಪ್ಪ ಎಮ್ಮೆಯಾಯಿತು.

ಯಜಮಾನರು ಹಿಂತಿರುಗಿ ಬಂದು ತೆಪ್ಪ ಹತ್ತಿದರು. ವಕೀಲೆ ಕೊಂಚ ಮುಖ ಸಿಂಡರಿಸಿದರು, ಆದರೂ ಸೆರಗು ಬಿಗಿದುಕೊಂಡು ಹತ್ತಿದರು.

ನನ್ನ ಹೆಂಡತಿ ನನ್ನೆದುರು ಕೈ ಚಾಚಿದಳು. "ಬಿಚ್ಚಿ ಕೊಡ್ರೀ."

"ಇಷ್ಟು ಕೆಸರು ಮೆತ್ತಿದ ಮೇಲೂನಾ?"

"ನಿಯಮ ಅಲ್ವಾ? ಕೊಡಿ."

ಜಾಕೆಟ್ ಬಿಚ್ಚಿ ಕೊಟ್ಟೆ. ಪ್ರಶ್ನೆ ಕೇಳುವ ಆಸೆಯೂ ಅದರ ಜೇಬಿನಲ್ಲೇ ಹೋಯಿತು. ದಡದ ಕಲ್ಲಿನ ಮೇಲೆ ಕೂತೆ. ಆದರೆ ನಾನು ಸೋಲುವ ಪೈಕಿಯೇ? ಪಕ್ಕದಲ್ಲಿದ್ದವರಿಗೆ ಹೇಳಿದೆ: "ನೋಡ್ರಪ್ಪ, ಗುಂಪು ಹುಟ್ಟಿದಾಗಿಂದ ಈ ನಿಯಮ ತಟ್ಟಿದ ಮೊದಲನೇ ಮನುಷ್ಯ ನಾನು. ಆ ಮಾತ್ರೆಗೆ ಈ ಯೋಗ ಎಲ್ಲಿಂದ ಬರಬೇಕು?"

ಮಾತು ಮುಗಿದಿರಲಿಲ್ಲ, ಮಾತ್ರೆ ಜಾಕೆಟ್ ಬಿಚ್ಚುತ್ತ ನನ್ನ ಕಡೆಗೇ ಬಂದ.

"ಸ್ವಲ್ಪ ಸರೀರಿ ಅಣ್ಣಾ. ನನ್ನ ತಮ್ಮ ಬೆಳಗ್ಗೆ ಅಂಗಡಿ ಬಾಗಿಲಿಗೆ ಯಜಮಾನರ ಚಿತ್ರ ಅಂಟಿಸಿಬಿಟ್ಟಿದ್ದ. ಕಿತ್ತು ಹಾಕಿದೆ. ಯಾರಿಗೂ ಹೇಳೋದು ಬೇಡ ಅಂದ್ಕೊಂಡಿದ್ದೆ. ನಿಮ್ಮನ್ನ ನೋಡಿದ ಮೇಲೆ ನಾಚಿಕೆಯಾಯ್ತು."

ದರಿದ್ರದವನು! ಇದೊಂದನ್ನಾದರೂ ನನಗೆ ಬಿಡಬಾರದಿತ್ತೇ? ಆದರೆ 'ನಿಮ್ಮನ್ನ ನೋಡಿದ ಮೇಲೆ' ಎಂದನಲ್ಲ, ಅದಕ್ಕೋಸ್ಕರ ಒಂದು ಗೇಣು ಸರಿದೆ. ಎರಡು ಗೇಣು ಅಲ್ಲ.

ತೆಪ್ಪ ಹೊರಟಿತು. ಮಧ್ಯದಲ್ಲಿ ನಿಂತವಳು ನನ್ನ ಹೆಂಡತಿ; ಗಂಡನ ಜಾಕೆಟ್ಟನ್ನೇ ಬಿಚ್ಚಿಸಿದವಳು ಯಾರ ಪಕ್ಷವನ್ನೂ ವಹಿಸಳು ಎಂದು ಅಂಚೆ ಅಕ್ಕ ಅವಳನ್ನೇ ಹತ್ತಿಸಿದ್ದಳು. ಒಂದು ಕೈ ಸೊಂಟದ ಮೇಲೆ. "ಚರಂಡಿ ನೀರು ಕೆರೆಗೆ ಬರೋದು ಯಾವಾಗ ನಿಲ್ಲುತ್ತೆ? ಹೇಳಿ." ವಕೀಲೆ ತೊದಲಿದರು. ಅದೇ ಪ್ರಶ್ನೆ ಯಜಮಾನರಿಗೆ. ಅವರು ಅಷ್ಟೇ ತೊದಲಿದರು. ಇಬ್ಬರಿಗೂ ಅವಳದು ಒಂದೇ ದನಿ, 'ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ' ಎಂದು ದಿನಾ ನನ್ನನ್ನು ಕೇಳುವ ದನಿ.

"ಅಕ್ಕ ಚೆನ್ನಾಗಿ ಕೇಳ್ತಾರೆ" ಎಂದ ಮಾತ್ರೆ, ಹಲ್ಲು ಕಡಿಯುತ್ತ. ತಿರುಗಿ ನೋಡಿದೆ. ಅವನ ಮುಖದಲ್ಲಿ ನನ್ನದೇ ಹೊಟ್ಟೆಕಿಚ್ಚು, ಅಚ್ಚು ಇಳಿಸಿದ ಹಾಗೆ.

ಇನ್ನೊಂದು ಗೇಣು ಸರಿದು ಅವನಿಗೆ ಜಾಗ ಕೊಟ್ಟೆ.