ಕಾಲೇಜು ನೋಡಲು ಹೋದದ್ದು

ಇಳಕಲ್ಲಿನ ಸೀರೆ ವ್ಯಾಪಾರಿ ಅಂದಾನಪ್ಪ ಸೆರಗಿನ ಒಂದೆಳೆ ತಪ್ಪಿದ್ದರೂ ಸೀರೆ ವಾಪಸು ಕಳಿಸುವವನು. ಅಂಥವನು ಹಿರಿಮಗಳು ಸಾವಿತ್ರೆವ್ವನನ್ನು ಬಾಗಲಕೋಟೆಯ ಕಾಲೇಜು ಹಾಸ್ಟೆಲಿಗೆ, ಅದನ್ನು ಕಣ್ಣಿಂದ ನೋಡದೆಯೇ, ಸಂಬಂಧಿಕರ ಜೊತೆ ಕಳಿಸಿಬಿಟ್ಟಿದ್ದ. ಆಮೇಲೂ ಹೋಗಲಿಲ್ಲ. ಕೊಟ್ಟ ಮಗಳ ಮನೆಗೆ ತವರಿನವರು ಮೇಲಿಂದ ಮೇಲೆ ಹೋಗಬಾರದೆಂಬ ರೂಢಿಯನ್ನು ಈ ಪುಣ್ಯಾತ್ಮ ಹಾಸ್ಟೆಲಿಗೂ ಹಚ್ಚಿದ್ದ! ಒಮ್ಮೆ ಬಂದು ಹೋಗಪ್ಪಾ ಎಂದು ಆಕೆ ಹೇಳಿ ಕಳಿಸುತ್ತಲೇ ಇದ್ದಳು. ಜ್ವರ ಬಂತು, ತಲೆಗೇರಿತು. ಅವನು ಹೋದದ್ದು ದವಾಖಾನೆಗೆ, ಹೆಣ ತರಲು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎಪ್ಪತ್ತೆಂಟನೇ ಇಸವಿಯಲ್ಲಿ ಕಿರಿಯಳು ಸಿದ್ದವ್ವ ಪಿಯುಸಿ ಪಾಸಾದಳು. ಅವಳಿಗೂ ಬಾಗಲಕೋಟೆಯೇ ಬೇಕಿತ್ತು.

"ಹುನಗುಂದದಾಗ ಓದು. ಮುಂಜಾನಿ ಬಸ್ಸಿಗೆ ಹೋಗಿ ಸಂಜಿಗೆ ಮನಿಗೆ ಬಾ," ಎಂದ ಅಪ್ಪ.

"ಎರಡೂ ಕಡೆ ನೋಡೂಣಪ್ಪಾ. ನೋಡದನ ಬ್ಯಾಡ ಅಂದ್ರ ಹ್ಯಾಂಗ?"

ಬಾಗಲಕೋಟೆಯ ಹೆಸರೆತ್ತಿದರೆ ಅಂದಾನಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಕೆಲವು ದಿನ ಮಗಳ ಜೊತೆ ಮಾತು ಬಿಟ್ಟ. ಕಡೆಗೊಂದು ಮುಂಜಾನೆ ತಾನೇ ರುಮಾಲು ಸುತ್ತಿಕೊಂಡು ಬಾಗಲಕೋಟೆಗೆ ಹೊರಟು ನಿಂತ. ಸಿದ್ದವ್ವ ಗೆದ್ದೆನೆಂದು ಹಿಗ್ಗಿದಳು.

ಅದೇ ಹಾಸ್ಟೆಲಿನ ಆಯಾ ಮಕ್ತುಮಬಿ ಕೋಣೆಯ ಕದ ತೆಗೆದಳು. ಬಂದವರು ಯಾರೆಂದು ಪಾಪ ಅವಳಿಗೇನು ಗೊತ್ತು?

"ಕಿಡಕಿ ಬಾಜೂಕಿನ ಮಂಚ ಒಂದೇ ಖಾಲಿ ಐತ್ರಿ. ಅಲ್ಲಿ ಯಾರೂ ಮಕ್ಕೊಳ್ಳಾಂಗಿಲ್ಲ. ಹಿಂದಕ ಜ್ವರ ಬಂದು ತೀರಿದ ಹುಡುಗಿ ಸಂಜಿ ಆತಂದ್ರ ಆ ಕಿಡಕ್ಯಾಗ ನಿಂತು ಗೇಟಿನ ಕಡೆ ನೋಡ್ತಾಳಂತ. ಅಪ್ಪ ಬರ್ತಾನಂತ ಕಾಯ್ತಾಳಂತ್ರಿ."

ಸಿದ್ದವ್ವ ಹಿಂದೆ ಸರಿದು ಬಾಗಿಲಿಗೆ ಬಂದಳು. ಈ ಕೋಣೆಯಲ್ಲಿ ಒಂದು ರಾತ್ರಿಯನ್ನೂ ತಾನು ಕಳೆಯಲಾರೆ ಎಂದು ಅವಳಿಗೆ ಆ ಗಳಿಗೆಯಲ್ಲೇ ಖಾತ್ರಿಯಾಯಿತು. ಅಪ್ಪ ಕಿಟಕಿಯ ಬಳಿ ಹೋಗಿ ಸರಳು ಹಿಡಿದ. ಅಲ್ಲಿಂದ ಗೇಟು, ಬಸ್ಸಿಳಿದವರು ನಡೆದು ಬರುವ ದಾರಿ, ಎಲ್ಲ ಚೊಕ್ಕ ಕಾಣುತ್ತಿತ್ತು. ಅವನು ಬಿಕ್ಕಿ ಬಿಕ್ಕಿ ಅತ್ತ.

"ಅಪ್ಪಾ, ನೀ ಹೇಳಿದ್ದೇ ಖರೆ. ನಾ ಹುನಗುಂದಕ್ಕ ಹೋಗ್ತೇನಿ. ನಡಿ, ಹೋಗೂಣು."

"ಬ್ಯಾಡವ್ವಾ. ಇಲ್ಲೇ ಇರು. ನಾ ವಾರಾ ವಾರಾ ಬರ್ತೇನಿ. ಇನ್ನ ತಪ್ಪಸಂಗಿಲ್ಲ."

ಅದನ್ನು ಅವನು ಹೇಳಿದ್ದು ಖಾಲಿ ಮಂಚದ ಕಡೆ ನೋಡುತ್ತ. ಜೀವವಿದ್ದ ಮಗಳು ಬಾಗಿಲಲ್ಲಿ ನಿಂತಿದ್ದಳು. ಕಣ್ಣೊರೆಸಿಕೊಂಡು ಅಂದಾನಪ್ಪ, ಫೀ ಕಟ್ಟುವುದು ಎಲ್ಲಿ ಎಂದು ಮಕ್ತುಮಬಿಯನ್ನು ಕೇಳಿದ.