ಬಿಗಿದುಕೊಂಡ ಎಂಜಿನ್

ನನ್ನ ಗಂಡ ಹಾರ್ಲನ್ ಬಿಟ್ಟುಹೋದ ಆ ಲಾರಿಯ ಮೇಲೆ ನನಗೇನೂ ಮೋಹವಿರಲಿಲ್ಲ. ಗೋಧಿ ಕಣಜದ ಹಿಂದೆ, ಗಾಳಿ ತಡೆಯಲೆಂದು ನೆಟ್ಟ ಮರಗಳ ಸಾಲಿನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. ಅವನು ಸತ್ತ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಹಾಗಾಗಿ ಡ್ವೇನ್ ಕೋಪ್ ಬಂದು ಎಂಜಿನ್ ಕೇಳಿದಾಗ, ಒಯ್ಯಪ್ಪಾ ಎಂದೆ.

ಅವನು ಪಕ್ಕದ ಕೌಂಟಿಯವನು, ಟೆಲಿಫೋನ್ ಕಂಬ ಹತ್ತುವ ಕೆಲಸದಿಂದ ನಿವೃತ್ತನಾದವನು. ಓಬೀರಾಯನ ಕಾಲದ ಕಾರೊಂದನ್ನು ತಂದು, ಅದರ ಮಾಡು ಕತ್ತರಿಸಿ ತಗ್ಗಿಸಿ, ಹಳೆಯ ಲಾರಿಯ ಎಂಜಿನ್ ಕೂರಿಸಿ, ಊರೆಲ್ಲ ನಡುಗುವಂತೆ ಓಡಿಸುವ ಹುಚ್ಚು ನಮ್ಮ ಕ್ಯಾನ್ಸಸ್ಸಿನ ಗಂಡಸರಿಗೆ ಮೊದಲಿಂದಲೂ ಇದೆ. ಇವನಿಗೂ ಅದೇ.

"ಐವತ್ತೊಂದನೇ ಇಸವಿಯ ಫೋರ್ಡು ಲಾರಿ. ಇದನ್ನೇ ಹುಡುಕ್ತಾ ಇದ್ದೆ, ಮಿಸೆಸ್ ಶ್ರೋಡರ್. ಆದ್ರೆ ಒಳಗೆ ಪಿಸ್ಟನ್ ಕಚ್ಕೊಂಡಿದೆ. ತಿರುಗಿದ್ರೆ ಒಯ್ತೀನಿ. ಇಲ್ದಿದ್ರೆ ಹೊತ್ಕೊಂಡು ಹೋಗಿ ಏನು ಮಾಡ್ಲಿ?"

ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಡೀಸೆಲ್ಲಿಗೆ ಗೇರ್ ಎಣ್ಣೆ ಬೆರೆಸಿ ತೂತುಗಳಿಗೆ ಹೊಯ್ದ. ನನ್ನ ಕೈಗೆ ಬೋಲ್ಟು ತಿರುಗಿಸುವ ಉದ್ದನೆಯ ಪಾನೆಯೊಂದನ್ನು ಕೊಟ್ಟ. "ಇದು ನೆನೀಬೇಕು. ದಿನಾ ಬೆಳಿಗ್ಗೆ ಎಂಜಿನ್ ಮುಂದಿರೋ ಈ ಪುಲ್ಲಿ ಚಕ್ರಕ್ಕೆ ಪಾನೆ ಹಾಕಿ, ತಿರುಗುತ್ತಾ ಅಂತ ಮೆತ್ತಗೆ ನೂಕಿ ನೋಡಿ. ಸಂಜೆ ನಾನು ಬಂದು ಮತ್ತೆ ಎಣ್ಣೆ ಹೊಯ್ತೀನಿ."

ಸಂಜೆ ಹೇಳಿದ ಹಾಗೇ ಬಂದ. ಅಷ್ಟು ದೂರದಿಂದ ಬಂದವನನ್ನು ಹಾಗೇ ಕಳಿಸುವುದು ಹೇಗೆ? ಎಲೆಕೋಸು, ಮಾಂಸ ತುಂಬಿದ ಬನ್ನು ಬೇಯಿಸಿದ್ದೆ. ಮಾರನೇ ದಿನವೂ ಬಂದ. ಚೆರ್ರಿ ಕಡುಬು ಮಾಡಿದೆ. ಒಬ್ಬಳಿಗಾಗಿ ಅದನ್ನೆಲ್ಲ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಹೆಂಡ್ತಿ ಇಲ್ವೇನೋ ನಿನಗೆ?" ಎಂದು ಕೇಳಿದೆ.

"ಇದ್ಲು. ಕಾರು ಬೇಕೋ ನಾನು ಬೇಕೋ ಅಂತ ಕೇಳಿದ್ಲು."

"ನೀನೇನಂದೆ?"

"ಯೋಚನೆ ಮಾಡ್ತಾ ಇದ್ದೆ. ಅಷ್ಟರಲ್ಲಿ ಹೊರಟೇಹೋದ್ಲು."

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ನನ್ನ ನಗು ನನಗೇ ಯಾರದೋ ಅನ್ನಿಸಿತು.

ಒಂದು ಬೆಳಿಗ್ಗೆ ಪಾನೆ ಹಾಕಿ ಒರಗಿದೆ ನೋಡಿ, ಕಟ್ ಎಂದು ಸದ್ದಾಗಿ ಪುಲ್ಲಿ ತಿರುಗಿಬಿಟ್ಟಿತು. ತಿರುಗಿತು ಎಂದರೆ ಇವನು ಎಂಜಿನ್ ಕಿತ್ತುಕೊಂಡು ಹೋಗುತ್ತಾನೆ, ಆಮೇಲೆ ಈ ಮಣ್ಣುದಾರಿಗೆ ಅಂಚೆಯವನ ಗಾಡಿ ಬಿಟ್ಟರೆ ಇನ್ನೊಂದು ಬರುವುದಿಲ್ಲ. ಹಾಳು ಎಂಜಿನ್ನೇ, ಇನ್ನೊಂದಿಷ್ಟು ದಿನ ಕಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಪುಲ್ಲಿಯನ್ನು ಹಿಂದಕ್ಕೆ ತಿರುಗಿಸಿ ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದೆ.

"ಊಹೂಂ. ಜಪ್ಪಯ್ಯ ಅಂದ್ರೂ ಅಲುಗ್ತಿಲ್ಲ ಕಣಪ್ಪಾ" ಎಂದೆ ಸಂಜೆ. ತಾನೇ ನೂಕಿ ನೋಡುತ್ತಾನೇನೋ ಎಂದು ಹೆದರಿದ್ದೆ. ನೋಡಲಿಲ್ಲ. ಎಣ್ಣೆ ಹೊಯ್ದು, ಕೈ ತೊಳೆದು ಊಟಕ್ಕೆ ಕೂತ. ಆ ವಾರವೆಲ್ಲ ಹೀಗೇ ನಡೆಯಿತು.

ಶನಿವಾರ ಬೆಳಿಗ್ಗೆಯೇ ಬಂದ. ಗಾಡಿಯಲ್ಲಿ ಕಬ್ಬಿಣದ ಮೂರು ಉದ್ದ ಕಂಬ, ಭಾರ ಎತ್ತುವ ರಾಟೆ-ಸರಪಳಿ.

"ಇನ್ನೂ ಬಿಗಿದೇ ಇದೆಯಲ್ಲೋ" ಎಂದೆ.

"ಇರ್ಲಿ ಬಿಡಿ. ಒಂದು ಕೈ ಕೊಡ್ತೀರಾ? ಇದು ಒಬ್ಬನ ಕೆಲಸ ಅಲ್ಲ."

ರೇಡಿಯೇಟರ್ ಇಳಿಸಿದ, ಗೇರುಪೆಟ್ಟಿಗೆಯ ಬೋಲ್ಟು ಬಿಚ್ಚಿದ. ಮೂರೂ ಕಂಬಗಳನ್ನು ಮುಕ್ಕಾಲಿಯಂತೆ ಮೇಲೆ ನಿಲ್ಲಿಸಿ, ಅದರಿಂದ ಇಳಿಬಿಟ್ಟ ಸರಪಳಿಯನ್ನು ಎಂಜಿನ್ನಿಗೆ ಕಟ್ಟಿದ. ತಾನು ಲಾರಿಯ ಅಡಿಗೆ ನುಸುಳಿ ಎಂಜಿನ್ನನ್ನು ಆಚೀಚೆ ಅಲುಗಿಸುತ್ತಾ "ಎಳೀರಿ" ಎಂದ. ನಾನು ಸರಪಳಿ ಎಳೆದೆ. ಅಷ್ಟು ವರ್ಷ ಕೂತಿದ್ದ ಭಾರವನ್ನು ನನ್ನ ಕೈಯಾರೆ, ಇಂಚಿಂಚಾಗಿ ಮೇಲಕ್ಕೆತ್ತಿದೆ.

ಅದು ಸರಪಳಿಯಲ್ಲಿ ನೇತಾಡುತ್ತಿರುವಾಗ ಅವನು ಎಂಜಿನ್ನಿನ ಹಿಂಬದಿಯ ದಪ್ಪ ಚಕ್ರಕ್ಕೆ ಪಾನೆಯನ್ನೂ ಹಾಕದೆ, ಎರಡೂ ಅಂಗೈ ಇಟ್ಟು ತಿರುಗಿಸಿದ. ಸರಾಗವಾಗಿ ತಿರುಗಿತು. ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

"ಯಾವತ್ತು ಗೊತ್ತಾಯ್ತು ನಿನಗೆ?"

"ಸೋಮವಾರ. ಹೊಯ್ದ ಎಣ್ಣೆ ನಿಲ್ತಾನೇ ಇರ್ಲಿಲ್ಲ, ಹೊಯ್ದ ಹಾಗೇ ಕೆಳಗಿಳೀತಿತ್ತು. ಪಿಸ್ಟನ್ ಬಿಟ್ಕೊಂಡ್ರೇನೇ ಹಾಗಾಗೋದು."

"ಗೊತ್ತಿದ್ದೂ ದಿನಾ ಬಂದೆಯಲ್ಲ."

"ಬಂದೆ."

"ಮತ್ತೆ ಇವತ್ತು ಯಾಕೆ ಈ ಸರಪಳಿ ತಂದೆ?"

ಅವನು ಕೈಗಳನ್ನು ಚಿಂದಿಬಟ್ಟೆಯಲ್ಲಿ ಬಹಳ ಹೊತ್ತು ಒರೆಸಿಕೊಂಡ.

"ದಿನಾ ಇಲ್ಲಿಗೆ ಬರೋದು ಅಭ್ಯಾಸ ಆಗಿಬಿಡ್ತಾ ಇತ್ತು, ಮಿಸೆಸ್ ಶ್ರೋಡರ್. ಅದಕ್ಕೇ."

ಎಂಜಿನ್ನನ್ನು ಗಾಡಿಗಿಳಿಸಿ, ಹಗ್ಗ ಬಿಗಿದು, ಟೋಪಿ ಎತ್ತಿ ಹೊರಟ. ಅವನ ಗಾಡಿಯ ಧೂಳು ಹೆದ್ದಾರಿ ಮುಟ್ಟುವವರೆಗೂ ನಾನು ನಿಂತೇ ಇದ್ದೆ. ಸಿಟ್ಟು ನೆತ್ತಿಗೇರಿತ್ತು. ಅಭ್ಯಾಸ ಆಗಿದ್ದರೆ ಏನಾಗುತ್ತಿತ್ತಂತೆ ಅವನಿಗೆ?